ಶಲ್ ಬರೆಯಬೇಕೋ, ಮೇ ಬರೆಯಬೇಕೋ?

ಕನ್ನಡ ಮಾಧ್ಯಮದಲ್ಲಿ ಓದಿದವರಿಗೂ ‘ಮೇ’ ಎಂಬ ಇಂಗ್ಲಿಷ್ ಪದದ ಪರಿಚಯ ಆಗುವುದು ತರಗತಿಯ ಬಾಗಿಲಲ್ಲಿ. ‘ಮೇ ಐ ಕಮ್ ಇನ್ ಸರ್?’ ಎಂದು ಒಂದೇ ಉಸಿರಿಗೆ ಕೂಗಿ, ಮೇಷ್ಟ್ರು ತಲೆಯಾಡಿಸಿದ ಮೇಲೆ ಒಳಗೆ ಬರುವುದು. ‘ಶಲ್’ ಸಿಗುವುದು ಸ್ವಲ್ಪ ತಡವಾಗಿ, ವ್ಯಾಕರಣದ ಪೀರಿಯಡ್ಡಿನಲ್ಲಿ: ‘ಐ’ ಮತ್ತು ‘ವೀ’ ಬಂದರೆ ಶಲ್, ಉಳಿದವರಿಗೆಲ್ಲ ವಿಲ್. ಈ ಸೂತ್ರವನ್ನು 1653ರಲ್ಲೇ ಬರೆದಿಟ್ಟವನು ಜಾನ್ ವಾಲಿಸ್ ಎಂಬ ಗಣಿತಜ್ಞ. ಅನಂತಕ್ಕೆ ನಾವು ಹಾಕುವ ಅಡ್ಡ ಎಂಟರ ಚಿಹ್ನೆಯೂ ಅವನದೇ ಕೊಡುಗೆ. ಗಣಿತ ಉಳಿಯಿತು, ವ್ಯಾಕರಣದ ಸೂತ್ರ ಉಳಿಯಲಿಲ್ಲ. ಇವತ್ತು ಮಾತಿನ ಇಂಗ್ಲಿಷಿನಲ್ಲಿ ಅದನ್ನು ಪಾಲಿಸುವವರು ಸಿಗುವುದು ಕಷ್ಟ.

ಹಾಗಂತ ಶಲ್ ಸತ್ತಿಲ್ಲ. ಬಾಡಿಗೆ ಕರಾರು, ಟೆಂಡರ್, ಅಪಾರ್ಟ್‌ಮೆಂಟ್ ಸಂಘದ ಬೈಲಾ, ಟ್ರಸ್ಟ್ ಡೀಡ್, ಕಂಪನಿಯ ಆಫರ್ ಲೆಟರ್, ಕಾಯ್ದೆ ಪುಸ್ತಕ ಇವುಗಳಲ್ಲಿ ಅದು ಸೊಂಪಾಗಿ ಬೆಳೆದುಕೊಂಡಿದೆ. ಅಲ್ಲಿ ಅದಕ್ಕೆ ಭವಿಷ್ಯತ್ ಕಾಲದ ಗೊಡವೆಯೇ ಇಲ್ಲ. ಅಲ್ಲಿನ ‘ಮೇ’ಗೂ ಬಾಗಿಲಲ್ಲಿ ನಿಂತು ಕೇಳುವ ವಿನಯ ಇಲ್ಲ. ಹೆಚ್ಚಿನವರು ಇಂಟರ್‌ನೆಟ್ಟಿನಲ್ಲಿ ಸಿಕ್ಕ ಯಾವುದೋ ಮಾದರಿ ಪತ್ರವನ್ನು ಇಳಿಸಿಕೊಂಡು, ಹೆಸರು, ವಿಳಾಸ, ಮೊತ್ತ ಬದಲಿಸಿ ಸಹಿ ಹಾಕುತ್ತಾರೆ. ಮೊತ್ತವನ್ನು ಎರಡು ಸಲ ನೋಡುತ್ತಾರೆ, ಕ್ರಿಯಾಪದವನ್ನು ಯಾರೂ ನೋಡುವುದಿಲ್ಲ. ಜಗಳ ಹುಟ್ಟಿದಾಗ ವಕೀಲರು ಮೊದಲು ಬೆರಳಿಡುವುದು ಮಾತ್ರ ಆ ಕ್ರಿಯಾಪದದ ಮೇಲೆ.

ಕರಾರು ಬರೆಯುವವರಿಗೆ, ಬೇರೆಯವರು ಬರೆದದ್ದಕ್ಕೆ ಸಹಿ ಹಾಕುವವರಿಗೆ, ಇಂಗ್ಲಿಷಿನದನ್ನು ಕನ್ನಡಕ್ಕೆ ತರುವವರಿಗೆ ಈ ಬರಹ. ನನ್ನ ವಾದ ಇಷ್ಟೇ: ಶಲ್ ಮತ್ತು ಮೇ ನಡುವೆ ಆರಿಸುವಾಗ ನಿಘಂಟು ಅರ್ಧ ದಾರಿಗೆ ಮಾತ್ರ ಬರುತ್ತದೆ. ಮಿಕ್ಕ ಅರ್ಧ ದಾರಿಗೆ ‘ಮಾಡದಿದ್ದರೆ ಏನಾಗುತ್ತದೆ?’ ಎಂಬ ಪ್ರಶ್ನೆ ಬೇಕು.

ಮೊದಲು ನೇರವಾದ ವ್ಯತ್ಯಾಸ

ಶಲ್ ಹೊಣೆ ಹೊರಿಸುತ್ತದೆ. ಮೇ ಆಯ್ಕೆ ಕೊಡುತ್ತದೆ. ಶಲ್ ಇದ್ದಲ್ಲಿ ಮಾಡಲೇಬೇಕು, ಮೇ ಇದ್ದಲ್ಲಿ ಮಾಡಿದರೂ ಸರಿ ಬಿಟ್ಟರೂ ಸರಿ. ಇದು ಎಷ್ಟು ದೊಡ್ಡ ವ್ಯತ್ಯಾಸ ಎಂದು ತಿಳಿಯಬೇಕಾದರೆ ಜಾಮೀನಿನ ಕಾನೂನನ್ನು ನೋಡಬೇಕು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 478ನೇ ಸೆಕ್ಷನ್ ಸಣ್ಣಪುಟ್ಟ ಅಪರಾಧಗಳಿಗೆ ಸಂಬಂಧಿಸಿದ್ದು. ಬಂಧಿತ ವ್ಯಕ್ತಿ ಜಾಮೀನು ಕೊಡಲು ಸಿದ್ಧನಿದ್ದರೆ ಅವನನ್ನು ಬಿಡುಗಡೆ ಮಾಡತಕ್ಕದ್ದು ಎನ್ನುತ್ತದೆ. ಅಲ್ಲಿರುವುದು ಶಲ್. ಎರಡು ಸೆಕ್ಷನ್ ಮುಂದೆ, 480ರಲ್ಲಿ, ಗಂಭೀರ ಅಪರಾಧಗಳ ಮಾತು ಬರುತ್ತದೆ. ಅಲ್ಲಿರುವುದು ಮೇ. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 436 ಮತ್ತು 437ರಲ್ಲೂ ಇದೇ ಜೋಡಿ ಇತ್ತು. ಮೊದಲನೆಯದರಲ್ಲಿ ಜಾಮೀನು ಆರೋಪಿಯ ಹಕ್ಕು, ಎರಡನೆಯದರಲ್ಲಿ ನ್ಯಾಯಾಧೀಶರ ವಿವೇಚನೆ. ಒಬ್ಬ ಮನುಷ್ಯ ಅಂದಿನ ರಾತ್ರಿ ಮನೆಯಲ್ಲಿ ಮಲಗುತ್ತಾನೋ ಲಾಕಪ್ಪಿನಲ್ಲೋ ಎನ್ನುವುದು ಒಂದು ಸಹಾಯಕ ಕ್ರಿಯಾಪದದಲ್ಲಿ ನಿಂತಿದೆ.

ತಮಾಷೆ ಏನೆಂದರೆ, ನಮ್ಮ ಪತ್ರಿಕೆಗಳ ಕನ್ನಡ ಇಲ್ಲಿ ಅರ್ಥವನ್ನು ಸರಿಯಾಗಿ ತಿರುಗುಮುರುಗು ಮಾಡಿಬಿಟ್ಟಿದೆ. ಮೊದಲನೆಯ ಬಗೆಗೆ ‘ಜಾಮೀನು ನೀಡಬಹುದಾದ ಅಪರಾಧ’ ಎನ್ನುತ್ತೇವೆ. ಓದಿದವರಿಗೆ ‘ಕೊಟ್ಟರೂ ಕೊಡಬಹುದು’ ಎಂದು ಕೇಳಿಸುತ್ತದೆ, ಕಾನೂನು ಹೇಳುವುದು ಕೊಡಲೇಬೇಕು ಎಂದು. ಎರಡನೆಯದಕ್ಕೆ ‘ಜಾಮೀನುರಹಿತ ಅಪರಾಧ’ ಎನ್ನುತ್ತೇವೆ. ಜಾಮೀನೇ ಇಲ್ಲ ಎಂದು ಮನೆಯವರು ಕೈಚೆಲ್ಲಿ ಕೂರುತ್ತಾರೆ. ಅಲ್ಲಿ ನಿಜವಾಗಿ ಇರುವುದು ‘ಕೊಡಬಹುದು’. ಇವೆರಡು ಪದಗಳನ್ನು ಯಾರಾದರೂ ಬದಲಿಸಿದರೆ ಪುಣ್ಯ ಬರುತ್ತದೆ.

ಇನ್ನೊಂದು ಜೋಡಿ ನಮಗೆಲ್ಲ ಗೊತ್ತಿರುವ ಹನ್ನೊಂದು ತಿಂಗಳ ಬಾಡಿಗೆ ಕರಾರಿನ ಹಿಂದೆ ಕೂತಿದೆ. 1908ರ ನೋಂದಣಿ ಕಾಯ್ದೆಯ 17ನೇ ಸೆಕ್ಷನ್ ಕಡ್ಡಾಯವಾಗಿ ನೋಂದಣಿ ಆಗಬೇಕಾದ ದಸ್ತಾವೇಜುಗಳ ಪಟ್ಟಿ ಕೊಡುತ್ತದೆ. ಅಲ್ಲಿ ಶಲ್ ಇದೆ, ಒಂದು ವರ್ಷ ಮೀರಿದ ಗುತ್ತಿಗೆ ಅದರಲ್ಲಿ ಸೇರಿದೆ. 18ನೇ ಸೆಕ್ಷನ್ ಐಚ್ಛಿಕ ನೋಂದಣಿಯದು. ಅಲ್ಲಿ ಮೇ ಇದೆ, ಒಂದು ವರ್ಷ ಮೀರದ ಗುತ್ತಿಗೆ ಅದರೊಳಗೆ ಬರುತ್ತದೆ. ಮಾಲೀಕರೂ ಬಾಡಿಗೆದಾರರೂ ಸೇರಿ ಶಲ್‌ನಿಂದ ತಪ್ಪಿಸಿಕೊಂಡು ಮೇ ಒಳಗೆ ಕೂರಲು ಕಂಡುಕೊಂಡ ಉಪಾಯವೇ ಆ ಹನ್ನೊಂದು ತಿಂಗಳು. ಈ ಕಾಯ್ದೆ ಶಲ್ ಬರೆದು ಸುಮ್ಮನಾಗಿಲ್ಲ ಎಂಬುದನ್ನೂ ಗಮನಿಸಬೇಕು. 49ನೇ ಸೆಕ್ಷನ್‌ಗೆ ಹೋದರೆ, ಕಡ್ಡಾಯ ಪಟ್ಟಿಯ ದಸ್ತಾವೇಜು ನೋಂದಣಿ ಆಗದಿದ್ದರೆ ಆ ಆಸ್ತಿಯ ವ್ಯವಹಾರಕ್ಕೆ ಅದನ್ನು ಸಾಕ್ಷ್ಯವಾಗಿ ಸ್ವೀಕರಿಸುವಂತಿಲ್ಲ ಎಂದಿದೆ. ಜನ ಹೆದರಿದ್ದು 17ಕ್ಕಲ್ಲ, 49ಕ್ಕೆ.

ಶಲ್ ಇದ್ದೂ ಕಡ್ಡಾಯ ಆಗದಿರುವುದು

ನಿಘಂಟಿನ ಅರ್ಥ ಕೈಕೊಡುವುದು ಇಲ್ಲಿ. ‘ಶಲ್ ಅಂತ ಬರೆದಿದೆಯಲ್ಲ ಸ್ವಾಮಿ, ಇನ್ನೇನು ಬೇಕು?’ ಎಂದು ಕೇಳುವವರಿಗೆ ಸುಪ್ರೀಂ ಕೋರ್ಟಿನ ಕೆಲವು ತೀರ್ಪುಗಳು ತಣ್ಣೀರು ಎರಚುತ್ತವೆ.

1957ರ ಮನ್‌ಬೋಧನ್ ಲಾಲ್ ಶ್ರೀವಾಸ್ತವ ಪ್ರಕರಣ ನೋಡಿ. ಸರ್ಕಾರಿ ನೌಕರರ ಮೇಲಿನ ಶಿಸ್ತುಕ್ರಮದಲ್ಲಿ ಲೋಕಸೇವಾ ಆಯೋಗವನ್ನು ಕೇಳತಕ್ಕದ್ದು ಎಂದು ಸಂವಿಧಾನದ 320ನೇ ವಿಧಿ ಹೇಳುತ್ತದೆ. ಉತ್ತರ ಪ್ರದೇಶ ಸರ್ಕಾರ ಅದನ್ನು ಸರಿಯಾಗಿ ಪಾಲಿಸಿರಲಿಲ್ಲ. ಆದರೂ ಕ್ರಮ ರದ್ದಾಗಲಿಲ್ಲ. ಕೇಳದೇ ಹೋದರೆ ಏನಾಗುತ್ತದೆ ಎಂದು ಆ ವಿಧಿ ಹೇಳಿಲ್ಲ, ನೌಕರನಿಗೆ ಅದರಿಂದ ಹಕ್ಕೂ ಹುಟ್ಟುವುದಿಲ್ಲ, ಹಾಗಾಗಿ ಅಲ್ಲಿನ ಶಲ್ ಬರೀ ನಿರ್ದೇಶನ ಎಂದಿತು ಕೋರ್ಟು. ಕಾನೂನಿನವರ ಭಾಷೆಯಲ್ಲಿ ಇದಕ್ಕೆ ‘ಡೈರೆಕ್ಟರಿ’ ಎನ್ನುತ್ತಾರೆ. ಕಟ್ಟುನಿಟ್ಟಾದದ್ದು ‘ಮ್ಯಾಂಡೇಟರಿ’.

ಇನ್ನೂ ಚೆನ್ನಾದ ಉದಾಹರಣೆ ಸಿವಿಲ್ ದಾವೆಗಳದ್ದು. ಸಮನ್ಸ್ ತಲುಪಿದ 30 ದಿನದೊಳಗೆ ಪ್ರತಿವಾದಿ ತನ್ನ ಲಿಖಿತ ಹೇಳಿಕೆ ಸಲ್ಲಿಸತಕ್ಕದ್ದು, ಕಾರಣವಿದ್ದರೆ ಕೋರ್ಟು 90 ದಿನದವರೆಗೆ ಕಾಲ ಕೊಡಬಹುದು ಎಂದು ಸಿವಿಲ್ ಪ್ರಕ್ರಿಯಾ ಸಂಹಿತೆಯ 8ನೇ ಆದೇಶದ 1ನೇ ನಿಯಮ ಹೇಳುತ್ತದೆ. ಒಳಗೆ ಶಲ್ ಇದೆ, ಗಡುವೂ ಇದೆ. 2005ರ ಕೈಲಾಶ್ ವಿರುದ್ಧ ನನ್ಹಕು ತೀರ್ಪಿನಲ್ಲಿ ಸುಪ್ರೀಂ ಕೋರ್ಟು ಈ 90 ದಿನವನ್ನೂ ಡೈರೆಕ್ಟರಿ ಎಂದೇ ಓದಿತು. ತಕ್ಕ ಕಾರಣ ಇದ್ದರೆ ಅದರಾಚೆಗೂ ಹೇಳಿಕೆಯನ್ನು ಸ್ವೀಕರಿಸಬಹುದು. ಆಮೇಲೆ 2015ರಲ್ಲಿ ವಾಣಿಜ್ಯ ನ್ಯಾಯಾಲಯಗಳ ಕಾಯ್ದೆ ಬಂತು. ವಾಣಿಜ್ಯ ದಾವೆಗಳಿಗೆ ಗಡುವು 120 ದಿನ ಎಂದಿತು, ಜೊತೆಗೆ ಒಂದು ಮಾತು ಸೇರಿಸಿತು: ಅದು ಮೀರಿದರೆ ಹೇಳಿಕೆ ಸಲ್ಲಿಸುವ ಹಕ್ಕೇ ಹೋಯಿತು, ಕೋರ್ಟು ಅದನ್ನು ಕಡತಕ್ಕೆ ತೆಗೆದುಕೊಳ್ಳುವಂತಿಲ್ಲ. 2019ರಲ್ಲಿ ಎಸ್‌ಸಿಜಿ ಕಾಂಟ್ರಾಕ್ಟ್ಸ್ ಪ್ರಕರಣದಲ್ಲಿ ಇದೇ ಸುಪ್ರೀಂ ಕೋರ್ಟು ಇದನ್ನು ಕಟ್ಟುನಿಟ್ಟು ಎಂದು ಹೇಳಿತು. ಎರಡು ಕಡೆಯೂ ಶಲ್ ಇದೆ. ಒಂದರ ಹಿಂದೆ ಪರಿಣಾಮ ಬರೆದಿದೆ, ಇನ್ನೊಂದರ ಹಿಂದೆ ಬರೆದಿಲ್ಲ.

ಜನಸಾಮಾನ್ಯರಿಗೆ ಹತ್ತಿರದ್ದು ಬೇಕಾದರೆ ಮಾಹಿತಿ ಹಕ್ಕು ಕಾಯ್ದೆಯನ್ನೂ ನಮ್ಮ ಸಕಾಲವನ್ನೂ ಪಕ್ಕಪಕ್ಕ ಇಡಿ. 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಅಧಿಕಾರಿ 30 ದಿನದೊಳಗೆ ಉತ್ತರ ಕೊಡಬೇಕು. ಸಕಾರಣವಿಲ್ಲದೆ ತಡ ಮಾಡಿದರೆ ದಿನಕ್ಕೆ ₹250ರಂತೆ ₹25,000ದವರೆಗೆ ದಂಡ. ಕರ್ನಾಟಕದ 2011ರ ಸಕಾಲ ಕಾಯ್ದೆಯಲ್ಲೂ ಗಡುವು ಇದೆ, ಕಟ್ಟಳೆ ಇದೆ. ತಡವಾದರೆ ಅರ್ಜಿದಾರನಿಗೆ ಸಿಗುವ ಪರಿಹಾರ ದಿನಕ್ಕೆ ₹20, ಹೆಚ್ಚೆಂದರೆ ₹500. ಎರಡರಲ್ಲಿ ಯಾವುದಕ್ಕೆ ಕಚೇರಿಯ ಟೇಬಲ್ಲುಗಳು ಹೆಚ್ಚು ಬೆದರುತ್ತವೆ ಎಂದು ನಾನು ಹೇಳಬೇಕಾಗಿಲ್ಲ.

ಆದ್ದರಿಂದ ನೀವು ಬರೆಯುವ ಪತ್ರದಲ್ಲಿ ಶಲ್ ಹಾಕಿದ ಕಡೆಯೆಲ್ಲ ಮುಂದಿನ ವಾಕ್ಯವನ್ನೂ ಬರೆಯಿರಿ. ‘ಮಾಲೀಕರು ಮುಂಗಡ ಹಣ ಹಿಂತಿರುಗಿಸತಕ್ಕದ್ದು’ ಎಂಬಲ್ಲಿಗೆ ನಿಲ್ಲಿಸಿದರೆ ಅದು ಸದಾಶಯ. ‘ಮನೆ ಖಾಲಿ ಮಾಡಿ ಬೀಗದ ಕೈ ಕೊಟ್ಟ 15 ದಿನದೊಳಗೆ ಹಿಂತಿರುಗಿಸಬೇಕು, ತಡವಾದರೆ ಬಾಕಿ ಮೊತ್ತದ ಮೇಲೆ ತಿಂಗಳಿಗೆ ಇಷ್ಟು ಬಡ್ಡಿ ಸೇರಿಸಿ ಕೊಡಬೇಕು’ ಎಂದರೆ ಅದು ಕರಾರು.

ಮೇ ಎಂದರೆ ಮನಬಂದಂತೆ ಎಂದಲ್ಲ

ಇದರ ಇನ್ನೊಂದು ಮುಖ ಕರ್ನಾಟಕದವರಿಗೆ ಚೆನ್ನಾಗಿ ಗೊತ್ತಿರಬೇಕಾದದ್ದು. ಸಂವಿಧಾನದ 356ನೇ ವಿಧಿ ರಾಷ್ಟ್ರಪತಿಗಳಿಗೆ ರಾಜ್ಯ ಸರ್ಕಾರವನ್ನು ವಜಾ ಮಾಡುವ ಅಧಿಕಾರ ಕೊಡುವಾಗ ಬಳಸಿದ ಪದ ಮೇ. ರಾಜ್ಯಪಾಲರ ವರದಿಯಿಂದಾಗಲಿ ಬೇರೆ ರೀತಿಯಿಂದಾಗಲಿ ಅವರಿಗೆ ಮನವರಿಕೆಯಾದರೆ ಘೋಷಣೆ ಹೊರಡಿಸಬಹುದು. ಈ ಬಹುದು ಎಂಬುದನ್ನು ‘ಕೇಳುವವರು ಯಾರೂ ಇಲ್ಲ’ ಎಂದೇ ದೆಹಲಿ ಬಹುಕಾಲ ಓದಿಕೊಂಡಿತ್ತು. 1989ರ ಏಪ್ರಿಲ್ 21ರಂದು ಎಸ್.ಆರ್. ಬೊಮ್ಮಾಯಿ ಸರ್ಕಾರ ಹೀಗೇ ಹೋಯಿತು. ಸದನದಲ್ಲಿ ಬಹುಮತ ತೋರಿಸುತ್ತೇನೆ ಎಂದರೂ ಅವಕಾಶ ಸಿಗಲಿಲ್ಲ. ಕರ್ನಾಟಕ ಹೈಕೋರ್ಟಿನಲ್ಲಿ ಅವರ ಅರ್ಜಿ ವಜಾ ಆಯಿತು. 1994ರ ಮಾರ್ಚ್ 11ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಕೊಟ್ಟ ತೀರ್ಪು ಆ ಮೇಗೆ ಕಡಿವಾಣ ಹಾಕಿತು. ಯಾವ ಆಧಾರದ ಮೇಲೆ ಆ ಮನವರಿಕೆ ಹುಟ್ಟಿತು ಎಂದು ಕೋರ್ಟು ಪರಿಶೀಲಿಸಬಹುದು, ಬಹುಮತ ತೀರ್ಮಾನವಾಗಬೇಕಾದದ್ದು ರಾಜಭವನದಲ್ಲಲ್ಲ, ಸದನದಲ್ಲಿ. ಬೊಮ್ಮಾಯಿಯವರಿಗೆ ಕುರ್ಚಿ ಮರಳಿ ಸಿಗಲಿಲ್ಲ, ಅಷ್ಟರಲ್ಲಿ ಐದು ವರ್ಷ ಕಳೆದಿತ್ತು. ಆದರೆ ಆಮೇಲೆ ಆ ವಿಧಿಯನ್ನು ಮುಟ್ಟುವವರು ಎರಡು ಸಲ ಯೋಚಿಸುವಂತಾಯಿತು.

ಅದಕ್ಕೂ ಹಳೆಯದು 1880ರ ಇಂಗ್ಲೆಂಡಿನ ಜೂಲಿಯಸ್ ಪ್ರಕರಣ. ಕ್ಲ್ಯೂವರ್ ಊರಿನ ಪಾದ್ರಿ ಚರ್ಚಿನ ಆಚರಣೆಗಳಲ್ಲಿ ನಿಯಮ ಮೀರುತ್ತಿದ್ದಾನೆ ಎಂದು ಜೂಲಿಯಸ್ ಎಂಬವರು ದೂರು ಕೊಟ್ಟರು, ಆಕ್ಸ್‌ಫರ್ಡಿನ ಬಿಷಪ್ ಕ್ರಮ ಕೈಗೊಳ್ಳಲು ಒಪ್ಪಲಿಲ್ಲ. ಅಧಿಕಾರ ಕೊಡುವ ಮಾತುಗಳು ತಾವಾಗಿ ಕರ್ತವ್ಯ ಹೊರಿಸುವುದಿಲ್ಲ, ಆದರೆ ಆ ಅಧಿಕಾರವನ್ನು ಇನ್ನೊಬ್ಬರ ಒಳಿತಿಗಾಗಿಯೇ ಕೊಟ್ಟಿದ್ದರೆ ಅದರ ಜೊತೆ ಕರ್ತವ್ಯವೂ ಬರಬಹುದು ಎಂಬ ವಿವೇಚನೆ ಆ ಕಾಲಕ್ಕೆ ಅಲ್ಲಿನ ಕೊನೆಯ ಮೇಲ್ಮನವಿ ಕೋರ್ಟೂ ಆಗಿದ್ದ ಹೌಸ್ ಆಫ್ ಲಾರ್ಡ್ಸ್‌ನಲ್ಲಿ ನಡೆಯಿತು. ಗೆದ್ದದ್ದು ಬಿಷಪ್ಪರೇ. ಅಧಿಕಾರದ ಬೆನ್ನಿಗೆ ಕರ್ತವ್ಯ ಇರಬಹುದೆಂಬ ಆ ಎಳೆಯನ್ನು ಭಾರತದ ಕೋರ್ಟುಗಳಲ್ಲಿ ಈಗಲೂ ಹಿಡಿದೆಳೆಯುತ್ತಾರೆ.

ಖಾಸಗಿ ಕರಾರಿನಲ್ಲಿ ನಿಮ್ಮ ಪರವಾಗಿ ಒಂಬತ್ತು ನ್ಯಾಯಮೂರ್ತಿಗಳು ಕೂರುವುದಿಲ್ಲ. ಮೇಗೆ ಬೇಲಿ ನೀವೇ ಹಾಕಬೇಕು. ಬೆಂಗಳೂರಿನ ಬಾಡಿಗೆ ಪತ್ರಗಳಲ್ಲಿ ‘ಮಾಲೀಕರು ಪೇಂಟಿಂಗ್ ಹಾಗೂ ರಿಪೇರಿ ಖರ್ಚನ್ನು ಮುಂಗಡದಲ್ಲಿ ಮುರಿದುಕೊಳ್ಳಬಹುದು’ ಎಂಬ ಸಾಲು ಹೆಚ್ಚು ಕಡಿಮೆ ಎಲ್ಲದರಲ್ಲೂ ಇರುತ್ತದೆ. ಎಷ್ಟು? ಮೊಳೆ ಹೊಡೆದ ತೂತಿಗೂ ಸೇರಿಯೇ? ಬಿಲ್ಲು ತೋರಿಸಬೇಕೇ? ಪತ್ರ ಮಾತಾಡುವುದಿಲ್ಲ. ‘ಒಂದು ತಿಂಗಳ ಬಾಡಿಗೆಗೆ ಮೀರದಂತೆ, ಬಿಲ್ಲು ತೋರಿಸಿ’ ಎಂಬ ಮಾತುಗಳನ್ನು ಸೇರಿಸಿಕೊಳ್ಳಲು ಬಾಡಿಗೆದಾರರು ಸಂಕೋಚ ಪಡಬಾರದು. ‘ಮಾಲೀಕರು ಮನೆಯನ್ನು ಪರಿಶೀಲಿಸಬಹುದು’ ಎಂಬುದಕ್ಕೂ ಇದೇ ಮಾತು. ಹಿಂದಿನ ದಿನ ತಿಳಿಸಿ, ಹಗಲು ಹೊತ್ತಿನಲ್ಲಿ ಎಂದಿಲ್ಲದಿದ್ದರೆ ಭಾನುವಾರ ಬೆಳಗ್ಗೆ ಆರಕ್ಕೆ ಬೆಲ್ಲು ಬಾರಿಸಿದರೂ ಆ ಸಾಲು ಅವರ ಕಡೆಗೇ ಇರುತ್ತದೆ.

ಎರಡೂ ಒಂದೇ ವಾಕ್ಯದಲ್ಲಿ ಬಂದಾಗ

ಶಲ್ ಮತ್ತು ಮೇಯನ್ನು ನಿಪುಣರು ಹೇಗೆ ಹೆಣೆಯುತ್ತಾರೆ ಎಂದು ನೋಡಲು ಸಂವಿಧಾನದ 74ನೇ ವಿಧಿ ಒಳ್ಳೆಯ ಪಾಠ. ಮೂಲದಲ್ಲಿ ರಾಷ್ಟ್ರಪತಿಗಳಿಗೆ ಸಲಹೆ ಕೊಡಲು ಮಂತ್ರಿಮಂಡಲ ಇರತಕ್ಕದ್ದು ಎಂದಷ್ಟೇ ಇತ್ತು. ಸಲಹೆಯನ್ನು ಪಾಲಿಸಲೇಬೇಕೆ ಎಂಬುದು ಪದಗಳಲ್ಲಿ ಇರಲಿಲ್ಲ, ಸಂಪ್ರದಾಯದಲ್ಲಿತ್ತು. ತುರ್ತು ಪರಿಸ್ಥಿತಿಯ ಕಾಲದ 42ನೇ ತಿದ್ದುಪಡಿ, 1976ರಲ್ಲಿ, ಸಲಹೆಯಂತೆಯೇ ನಡೆಯತಕ್ಕದ್ದು ಎಂದು ಇನ್ನೊಂದು ಶಲ್ ತುರುಕಿತು. 1978ರ 44ನೇ ತಿದ್ದುಪಡಿ ಅದನ್ನು ಕಿತ್ತುಹಾಕಲಿಲ್ಲ, ಪಕ್ಕದಲ್ಲಿ ಒಂದು ಮೇ ಇಟ್ಟಿತು: ಸಲಹೆಯನ್ನು ಮರುಪರಿಶೀಲಿಸಿ ಎಂದು ರಾಷ್ಟ್ರಪತಿ ಕೇಳಬಹುದು, ಮರುಪರಿಶೀಲನೆಯ ನಂತರ ಬಂದ ಸಲಹೆಯಂತೆ ನಡೆಯತಕ್ಕದ್ದು. ಒಂದು ಸಲ ಮಾತ್ರ ತಡೆಯುವ ಅಧಿಕಾರ. ಅದು ಕಾಗದದ ಮೇಲಿನ ಅಲಂಕಾರವಾಗಿ ಉಳಿಯಲಿಲ್ಲ. 1997ರಲ್ಲಿ ಉತ್ತರ ಪ್ರದೇಶದಲ್ಲಿ ರಾಷ್ಟ್ರಪತಿ ಆಳ್ವಿಕೆ ಹೇರುವ ಶಿಫಾರಸನ್ನು ಆಗಿನ ರಾಷ್ಟ್ರಪತಿ ಕೆ.ಆರ್. ನಾರಾಯಣನ್ ವಾಪಸು ಕಳಿಸಿದರು, ಕೇಂದ್ರ ಸಂಪುಟ ಅದನ್ನು ಕೈಬಿಟ್ಟಿತು.

2002ರ ತಿದ್ದುಪಡಿಯಿಂದ ಬಂದ 21ಎ ವಿಧಿಯಲ್ಲೂ ಹೀಗೇ. 6ರಿಂದ 14 ವರ್ಷದ ಎಲ್ಲ ಮಕ್ಕಳಿಗೆ ಉಚಿತ, ಕಡ್ಡಾಯ ಶಿಕ್ಷಣ ಕೊಡುವುದಕ್ಕೆ ಶಲ್. ಯಾವ ರೀತಿ ಎಂಬುದನ್ನು ಕಾನೂನಿನ ಮೂಲಕ ತೀರ್ಮಾನಿಸುವುದಕ್ಕೆ ಮೇ. ಕೊಡಬೇಕೋ ಬೇಡವೋ ಎಂಬ ಆಯ್ಕೆ ಸರ್ಕಾರಕ್ಕಿಲ್ಲ, ಹೇಗೆ ಕೊಡಬೇಕು ಎಂಬ ಆಯ್ಕೆ ಇದೆ. ಸಂಘದ ಬೈಲಾ ಬರೆಯುವವರು ಈ ಅಚ್ಚನ್ನು ಹಾಗೇ ಎರವಲು ಪಡೆಯಬಹುದು. ವರ್ಷಕ್ಕೊಮ್ಮೆ ಲೆಕ್ಕ ತಪಾಸಣೆ ಮಾಡಿಸಲೇಬೇಕು, ಯಾವ ಲೆಕ್ಕಪರಿಶೋಧಕರಿಂದ ಎಂಬುದನ್ನು ಸಮಿತಿ ನಿರ್ಧರಿಸಬಹುದು. ನಿರ್ವಹಣಾ ಶುಲ್ಕ ಎಲ್ಲರೂ ಕಟ್ಟಬೇಕು, ಕಷ್ಟದಲ್ಲಿರುವವರಿಗೆ ಸಮಿತಿ ಕಂತು ಮಾಡಿಕೊಡಬಹುದು. ನಾನು ಓದಿದ ಬೈಲಾಗಳಲ್ಲಿ ಹೆಚ್ಚಿನವು ಇದನ್ನು ತಲೆಕೆಳಗು ಮಾಡುತ್ತವೆ. ಲೆಕ್ಕಕ್ಕೆ ಮೇ, ಬಾಲ್ಕನಿಯಲ್ಲಿ ಬಟ್ಟೆ ಒಣಗಿಸುವುದಕ್ಕೆ ಶಲ್ ನಾಟ್.

ಇಲ್ಲದ ಕಡೆ ಶಲ್ ಹಾಕುವ ಚಟವೂ ಒಂದಿದೆ. ‘ಕಟ್ಟಡ ಎಂದರೆ ಇಂಥದ್ದು’ ಎಂಬ ವ್ಯಾಖ್ಯೆಗೆ ‘ಶಲ್ ಮೀನ್’ ಬೇಕಾಗಿಲ್ಲ, ‘ಮೀನ್ಸ್’ ಸಾಕು. ಅಲ್ಲಿ ಯಾರ ಮೇಲೂ ಹೊಣೆ ಬೀಳುತ್ತಿಲ್ಲ. ಅದಕ್ಕಿಂತ ಕೆಟ್ಟದ್ದು ಕರ್ತೃವೇ ಇಲ್ಲದ ಶಲ್. ‘ಮುಂಗಡ ಹಿಂತಿರುಗಿಸಲ್ಪಡತಕ್ಕದ್ದು’ ಎಂದರೆ ಯಾರಿಂದ? ನಡುವೆ ಮನೆ ಮಾರಾಟವಾದರೆ ಹಳೆಯ ಮಾಲೀಕರು ಹೊಸಬರನ್ನು ತೋರಿಸುತ್ತಾರೆ, ಹೊಸಬರು ಹಳಬರನ್ನು. ಶಲ್‌ಗೆ ಮುಂಚೆ ಮನುಷ್ಯರ ಹೆಸರೋ ಹುದ್ದೆಯೋ ಬರಲೇಬೇಕು.

‘ಮೇ ನಾಟ್’ ಎಂಬ ಮುಳ್ಳು

ಇಂಗ್ಲಿಷಿನ ‘ಮೇ’ಗೂ ನಮ್ಮ ‘ಬಹುದು’ಗೂ ಒಂದೇ ದೌರ್ಬಲ್ಯ ಇದೆ. ‘ನೀವು ಹೋಗಬಹುದು’ ಎಂದರೆ ಅನುಮತಿ, ‘ಮಳೆ ಬರಬಹುದು’ ಎಂದರೆ ಸಾಧ್ಯತೆ. ಹೌದು ಎನ್ನುವ ವಾಕ್ಯಗಳಲ್ಲಿ ಇದರಿಂದ ತೊಂದರೆ ಇಲ್ಲ, ಸಂದರ್ಭದಿಂದ ಗೊತ್ತಾಗುತ್ತದೆ. ಇಲ್ಲ ಎನ್ನಲು ಹೊರಟಾಗ ಇಂಗ್ಲಿಷ್ ಎಡವುತ್ತದೆ. ‘ದಿ ವೆಂಡರ್ ಮೇ ನಾಟ್ ಡೆಲಿವರ್ ಆನ್ ಸಂಡೇಸ್’ ಎಂದರೆ ಭಾನುವಾರ ಸಾಮಾನು ತರಕೂಡದು ಎಂದೋ, ಭಾನುವಾರ ತರಬೇಕಾಗಿಲ್ಲ ಎಂದೋ? ಎರಡೂ ಆಗುತ್ತದೆ. ಮೊದಲನೆಯದು ನಿಷೇಧ, ಎರಡನೆಯದು ರಿಯಾಯಿತಿ. ಒಂದಕ್ಕೊಂದು ಪೂರ್ತಿ ವಿರುದ್ಧ. ಹಾಗಾಗಿ ಇಂಗ್ಲಿಷ್ ಕರಾರಿನಲ್ಲಿ ‘ಮೇ ನಾಟ್’ ಕಂಡರೆ ನಾನು ಯೋಚಿಸದೆ ಹೊಡೆದುಹಾಕುತ್ತೇನೆ. ನಿಷೇಧಕ್ಕೆ ‘ಶಲ್ ನಾಟ್’ ಅಥವಾ ‘ಮಸ್ಟ್ ನಾಟ್’, ರಿಯಾಯಿತಿಗೆ ‘ಈಸ್ ನಾಟ್ ರಿಕ್ವೈರ್ಡ್ ಟು’.

ಕನ್ನಡ ಇಲ್ಲಿ ಇಂಗ್ಲಿಷಿಗಿಂತ ಶ್ರೀಮಂತ. ಬಾರದು, ಕೂಡದು, ಮಾಡುವಂತಿಲ್ಲ ಇವು ನಿಷೇಧ. ಮಾಡದಿರಬಹುದು ಎಂಬುದು ಸಾಧ್ಯತೆ. ಮಾಡಬೇಕಾಗಿಲ್ಲ ಎಂಬುದು ರಿಯಾಯಿತಿ. ಬಹುದು ಮತ್ತು ಬಾರದು ಎರಡೂ ‘ಬರು’ ಎಂಬ ಒಂದೇ ಧಾತುವಿನ ಮಕ್ಕಳಾದರೂ ನಿಷೇಧದ ಬಾರದು ಯಾವತ್ತೂ ಸಾಧ್ಯತೆಯ ಮನೆಗೆ ಹೋಗುವುದಿಲ್ಲ. ಒಂದು ಎಚ್ಚರ ಮಾತ್ರ ಬೇಕು: ‘ಲಿಕ್ಕಿಲ್ಲ’ ಎಂಬ ರೂಪ. ಮೈಸೂರಿನ ಕಡೆ ‘ಅವರು ಬರಲಿಕ್ಕಿಲ್ಲ’ ಎಂದರೆ ಬಹುಶಃ ಬರುವುದಿಲ್ಲ. ಕರಾವಳಿಯಲ್ಲಿ ‘ಒಳಗೆ ಹೋಗ್ಲಿಕ್ಕಿಲ್ಲ’ ಎಂದರೆ ಹೋಗಬಾರದು. ಮಂಗಳೂರಿನವರೂ ಮೈಸೂರಿನವರೂ ಸೇರಿ ಪಾಲುದಾರಿಕೆ ಪತ್ರ ಬರೆಯುವಾಗ ಈ ರೂಪವನ್ನು ಹೊರಗಿಡುವುದೇ ವಾಸಿ.

ಮಸ್ಟ್ ಯಾಕೆ ಬರೆಯಬಾರದು?

ಬರೆಯಬಹುದು. ಇಂಗ್ಲಿಷನ್ನೇ ಮಾತಾಡುವ ದೇಶಗಳಲ್ಲೂ ಶಲ್ ಹಿಂದೆ ಸರಿಯುತ್ತಿದೆ. ದಕ್ಷಿಣ ಆಫ್ರಿಕಾದ 1996ರ ಸಂವಿಧಾನದಲ್ಲಿ ಕರ್ತವ್ಯಗಳನ್ನೆಲ್ಲ ಮಸ್ಟ್ ಹೊತ್ತಿದೆ. ಅಮೆರಿಕದ ಫೆಡರಲ್ ಸಿವಿಲ್ ಪ್ರಕ್ರಿಯಾ ನಿಯಮಗಳನ್ನು 2007ರಲ್ಲಿ ತಿಳಿಭಾಷೆಗೆ ತಂದಾಗ ಶಲ್ ಅನ್ನು ಗುಡಿಸಿಹಾಕಿದರು. ಒಂದೇ ಪದ ಕೆಲವೊಮ್ಮೆ ಆಜ್ಞೆ, ಕೆಲವೊಮ್ಮೆ ಭವಿಷ್ಯ, ಕೆಲವೊಮ್ಮೆ ಬರೀ ಗಾಂಭೀರ್ಯ ಆಗುತ್ತಿದ್ದದ್ದೇ ಅದಕ್ಕೆ ಮುಳುವಾಯಿತು.

ಸಾಫ್ಟ್‌ವೇರ್‌ನವರು ಈ ಜಗಳವನ್ನು ಅಚ್ಚುಕಟ್ಟಾಗಿ ಮುಗಿಸಿಕೊಂಡಿದ್ದಾರೆ. ಇಂಟರ್‌ನೆಟ್ಟಿನ ತಾಂತ್ರಿಕ ನಿಯಮಗಳನ್ನು ಬರೆಯುವವರಿಗಾಗಿ 1997ರ ಮಾರ್ಚಿನಲ್ಲಿ ಬಂದ ಆರ್‌ಎಫ್‌ಸಿ 2119 ಎಂಬ ಪುಟ್ಟ ದಸ್ತಾವೇಜು ಮಸ್ಟ್ ಮತ್ತು ಶಲ್ ಎರಡನ್ನೂ ಒಂದೇ ಅರ್ಥಕ್ಕೆ ಕಟ್ಟಿಹಾಕಿತು. ಶುಡ್ ಎಂದರೆ ಬಲವಾದ ಶಿಫಾರಸು, ತಕ್ಕ ಕಾರಣ ಇದ್ದರೆ ಬಿಡಬಹುದು. ಮೇ ಎಂದರೆ ಪೂರ್ತಿ ಐಚ್ಛಿಕ. ಆಮೇಲೂ ಗೊಂದಲ ಹುಟ್ಟಿ, 2017ರಲ್ಲಿ ಬಂದ ಆರ್‌ಎಫ್‌ಸಿ 8174 ಈ ಪದಗಳು ದೊಡ್ಡಕ್ಷರದಲ್ಲಿದ್ದರೆ ಮಾತ್ರ ಈ ವಿಶೇಷ ಅರ್ಥ ಎಂದಿತು. ಕನ್ನಡ ಲಿಪಿಗೆ ದೊಡ್ಡಕ್ಷರದ ಸೌಕರ್ಯ ಇಲ್ಲ, ನಾವು ಪದದಲ್ಲೇ ಗೆಲ್ಲಬೇಕು.

ನನ್ನ ಸಲಹೆ ಹೀಗಿದೆ. ಇಂಗ್ಲಿಷಿನಲ್ಲಿ ಹೊಸ ಪತ್ರವನ್ನು ಮೊದಲಿನಿಂದ ಬರೆಯುತ್ತಿದ್ದರೆ ಮಸ್ಟ್ ಹಾಕಿ. ಹಳೆಯ ಪತ್ರಕ್ಕೆ ಒಂದೆರಡು ಸಾಲು ಸೇರಿಸುತ್ತಿದ್ದರೆ ಅಲ್ಲಿರುವ ಶಲ್ ಅನ್ನೇ ಮುಂದುವರಿಸಿ. ಒಂದೇ ಪತ್ರದಲ್ಲಿ ಎರಡನ್ನೂ ಬೆರೆಸಿದರೆ ‘ಅಲ್ಲಿ ಮಸ್ಟ್, ಇಲ್ಲಿ ಶಲ್, ಎರಡರ ಅರ್ಥ ಬೇರೆ ಇರಲೇಬೇಕಲ್ಲ’ ಎಂದು ಎದುರು ಕಕ್ಷಿಯ ವಕೀಲರು ವಾದ ಹೂಡಲು ನೀವೇ ಮಣೆ ಹಾಕಿಕೊಟ್ಟಂತೆ. ವಿಲ್ ಅನ್ನು ಹೊಣೆಗೆ ಬಳಸಲೇಬೇಡಿ. ಶುಡ್ ಅಂತೂ ಕರಾರಿನಲ್ಲಿ ಬರಲೇಬಾರದು. ಅದು ಹಿತವಚನ, ಹಿತವಚನಕ್ಕೆ ಯಾರೂ ಸ್ಟ್ಯಾಂಪ್ ಪೇಪರ್ ಕೊಳ್ಳುವುದಿಲ್ಲ.

ಕನ್ನಡದಲ್ಲಿ ಬರೆಯುವಾಗ

ನಮ್ಮ ಕಾಯ್ದೆಗಳ ಕನ್ನಡ ರೂಪದಲ್ಲಿ ಶಲ್‌ಗೆ ‘ತಕ್ಕದ್ದು’, ಮೇಗೆ ‘ಬಹುದು’ ಎಂಬುದು ರೂಢಿ. ಪಾವತಿಸತಕ್ಕದ್ದು, ಸಲ್ಲಿಸತಕ್ಕದ್ದು. ಕಾಯ್ದೆಗೆ ಅದು ಇರಲಿ, ಒಂದೇ ಪದ ಎಲ್ಲೆಡೆ ಬರುವುದರಿಂದ ಲಾಭವಿದೆ. ಮನೆ ಬಾಡಿಗೆ ಪತ್ರಕ್ಕೆ, ಗುತ್ತಿಗೆದಾರರ ಜೊತೆಗಿನ ಒಪ್ಪಂದಕ್ಕೆ ‘ಬೇಕು’ ಸಾಕು ಎಂಬುದು ನನ್ನ ಅಭಿಪ್ರಾಯ. ಪ್ಲಂಬರ್, ಬಡಗಿ, ಮನೆಯ ಹಿರಿಯರು ಎಲ್ಲರೂ ಓದಿ ಒಪ್ಪಬೇಕಾದ ಕಾಗದ ಅದು. ‘ಕೆಲಸ ಮುಗಿಸಿ ಬೀಗದ ಕೈ ಒಪ್ಪಿಸಬೇಕು’ ಎಂಬುದರಲ್ಲಿ ಕಡ್ಡಾಯ ಏನೂ ಕಡಿಮೆಯಾಗಿಲ್ಲ. ಕಡಿಮೆಯಾಗುವುದು ‘ಮುಗಿಸಿಕೊಡುವುದು’, ‘ನೋಡಿಕೊಳ್ಳುವುದು’ ಎಂದು ಕೊನೆಗೊಳಿಸಿದಾಗ. ಅದು ಆಜ್ಞೆಯೋ, ಮನವಿಯೋ, ಬರೀ ವಿವರಣೆಯೋ ಗೊತ್ತಾಗುವುದಿಲ್ಲ. ಸುತ್ತೋಲೆಗಳಲ್ಲಿ ಈ ‘ವುದು’ ಬಹಳ.

ಎರಡು ಭಾಷೆಯಲ್ಲಿ ಪತ್ರ ಮಾಡಿಸುವವರು ಇನ್ನೊಂದನ್ನು ನೋಡಿಕೊಳ್ಳಬೇಕು. ಭಿನ್ನಾಭಿಪ್ರಾಯ ಬಂದರೆ ಯಾವ ಪ್ರತಿ ಅಂತಿಮ ಎಂದು ಪತ್ರದಲ್ಲೇ ಬರೆದಿರಬೇಕು. ಕಾಯ್ದೆಗಳ ವಿಷಯದಲ್ಲಿ ಈ ಪ್ರಶ್ನೆಗೆ ಸಂವಿಧಾನದ 348ನೇ ವಿಧಿ ಉತ್ತರ ಕೊಟ್ಟಿದೆ: ಸಂಸತ್ತು ಬೇರೆ ರೀತಿ ಹೇಳುವವರೆಗೆ ಅಧಿಕೃತ ಪಾಠ ಇಂಗ್ಲಿಷಿನದು. ಖಾಸಗಿ ಕರಾರಿನಲ್ಲಿ ಅದನ್ನು ನೀವೇ ತೀರ್ಮಾನಿಸಬಹುದು, ಕನ್ನಡ ಪ್ರತಿಯೇ ಅಂತಿಮ ಎಂದೂ ಬರೆಯಬಹುದು. ಇಂಗ್ಲಿಷ್ ಪ್ರತಿ ಅಂತಿಮ ಎಂದು ಒಪ್ಪಿಕೊಂಡಿದ್ದರೆ ಮಾತ್ರ ಸಹಿಗೆ ಮುಂಚೆ ಪೆನ್ಸಿಲ್ ಹಿಡಿದು ಕೂರಿ. ಪ್ರತಿ ಶಲ್ ಮತ್ತು ಮೇಗೆ ಸುತ್ತು ಹಾಕಿ. ಕನ್ನಡ ಪ್ರತಿಯಲ್ಲಿ ಅದೇ ಜಾಗದಲ್ಲಿ ‘ಬೇಕು’ ಇದೆಯೋ ‘ಬಹುದು’ ಇದೆಯೋ ತಾಳೆ ನೋಡಿ. ಕನ್ನಡದಲ್ಲಿ ಬೇಕು, ಇಂಗ್ಲಿಷಿನಲ್ಲಿ ಮೇ ಎಂದು ಕಂಡ ಸಾಲು ಒಂದಿದ್ದರೂ ತಿದ್ದಿಸಿ, ತಿದ್ದಿದ ಜಾಗದಲ್ಲಿ ಇಬ್ಬರೂ ಚಿಕ್ಕ ಸಹಿ ಹಾಕಿ. ಆಮೇಲೆ ದೊಡ್ಡ ಸಹಿ.